ತಜ್ಞರ ವರದಿ ಮತ್ತು ಆರೋಪಿಯ ಪಾಟಿ ಸವಾಲಿನ ಹಕ್ಕು: ಕಡೂರು, ತರೀಕೆರೆ, ಅಜ್ಜಂಪುರ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದಿನ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ದಾನ, ಕ್ರಯ, ಗಡಿ ಮೊದಲಾದ ವ್ಯವಹಾರಗಳನ್ನು ದಾಖಲಿಸುವಾಗ ಸಾಕ್ಷಿಗಳ ಹೆಸರನ್ನು ಬರೆಸುವ ಪದ್ಧತಿ ಕರ್ನಾಟಕದ ಶಾಸನಗಳಲ್ಲಿ ಕಂಡುಬರುತ್ತದೆ. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ಊರಿನವರಿಗೆ ಪರಿಚಿತನಾದ, ಪ್ರಶ್ನಿಸಿದರೆ ಎದುರು ನಿಂತು ಉತ್ತರಿಸಬಲ್ಲ ವ್ಯಕ್ತಿ ಅವನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರ’ದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ವಿವರಿಸಿ, ಇವು ದೊರೆಯದ ಕಡೆ ಮಾತ್ರ ದಿವ್ಯಕ್ಕೆ ಅವಕಾಶವೆಂದು ನಿರ್ಣಯಿಸುತ್ತಾನೆ.

ಆಧುನಿಕ ನ್ಯಾಯಾಲಯಕ್ಕೆ ಈ ವರ್ಗೀಕರಣಕ್ಕೆ ಪೂರ್ತಿಯಾಗಿ ಒಗ್ಗದ ಒಬ್ಬ ಸಾಕ್ಷಿ ಬಂದಿದ್ದಾನೆ. ಅವನೇ ತಜ್ಞ. ಅವನು ಘಟನೆಯನ್ನು ಕಂಡವನಲ್ಲ, ಆರೋಪಿಯನ್ನೂ ಕಂಡವನಲ್ಲ. ಮೊಹರು ಮಾಡಿದ ಪೊಟ್ಟಣದಲ್ಲಿ ಬಂದ ವಸ್ತುವನ್ನು ಪರೀಕ್ಷಿಸಿ ತನ್ನ ಅಭಿಪ್ರಾಯವನ್ನು ಬರೆದು ಕಳುಹಿಸುತ್ತಾನೆ. ಅನೇಕ ಮೊಕದ್ದಮೆಗಳಲ್ಲಿ ಅವನ ಬದಲು ಅವನ ಕಾಗದ ಮಾತ್ರ ನ್ಯಾಯಾಲಯಕ್ಕೆ ಬರುತ್ತದೆ. ಆ ಕಾಗದವನ್ನು ಪ್ರಶ್ನಿಸುವ ಹಕ್ಕು ಆರೋಪಿಗೆ ಎಷ್ಟರಮಟ್ಟಿಗೆ ಇದೆ, ಅದು ಕಾಲಕಾಲಕ್ಕೆ ಹೇಗೆ ಬದಲಾಗಿದೆ, ಕಡೂರು, ತರೀಕೆರೆ, ಅಜ್ಜಂಪುರಗಳಂತಹ ತಾಲ್ಲೂಕುಗಳಲ್ಲಿ ಅದು ಎಷ್ಟು ಕೈಗೆಟುಕುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಾಲ್ಲೂಕಿನಿಂದ ಪ್ರಯೋಗಾಲಯಕ್ಕೆ

ಈ ಮೂರು ತಾಲ್ಲೂಕುಗಳು ಭೌಗೋಳಿಕವಾಗಿ ಮಲೆನಾಡು ಮತ್ತು ಬಯಲುಸೀಮೆಗಳ ಸಂಧಿಯಲ್ಲಿವೆ. ಒಂದೆಡೆ ತೆಂಗು ಅಡಕೆಯ ತೋಟಗಳು, ಇನ್ನೊಂದೆಡೆ ಅಜ್ಜಂಪುರದ ಅಮೃತಮಹಲ್ ಕಾವಲು, ಮತ್ತೊಂದೆಡೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಸುತ್ತಣ ಭದ್ರಾ ಅರಣ್ಯ. ಬೀರೂರು, ಕಡೂರುಗಳ ಮೂಲಕ ರೈಲುಮಾರ್ಗ ಹಾದುಹೋಗುತ್ತದೆ. ಅಜ್ಜಂಪುರವು ಪ್ರತ್ಯೇಕ ತಾಲ್ಲೂಕಾಗುವ ಮೊದಲು ತರೀಕೆರೆ ತಾಲ್ಲೂಕಿನ ಭಾಗವಾಗಿತ್ತು. ಇಂತಹ ಪ್ರದೇಶದಲ್ಲಿ ತಜ್ಞರ ಅಭಿಪ್ರಾಯ ಬೇಕಾಗುವ ಸಂದರ್ಭಗಳು ಬಗೆಬಗೆಯವು. ತೋಟದ ಮನೆಯಲ್ಲಿ ಸತ್ತವನ ಹೊಟ್ಟೆಯಲ್ಲಿದ್ದುದು ಕೀಟನಾಶಕವೇ? ವಶಪಡಿಸಿಕೊಂಡ ಸೀಸೆಯಲ್ಲಿರುವುದು ಕಳ್ಳಭಟ್ಟಿಯೇ? ಹಿಡಿದ ಮರ ಶ್ರೀಗಂಧವೇ? ಕುಡುಗೋಲಿನ ಮೇಲಿನ ಕಲೆ ಮನುಷ್ಯರಕ್ತವೇ? ಚೆಕ್ಕಿನ ಮೇಲಿನ ಬರಹ ಆರೋಪಿಯದೇ? ಇವೆಲ್ಲಕ್ಕೂ ಉತ್ತರವನ್ನು ತಾಲ್ಲೂಕಿನ ಹೊರಗೆ ಹುಡುಕಬೇಕಾಗುತ್ತದೆ.

ಉದಾಹರಣೆಗೆ ವಿಷಪ್ರಾಶನದ ಶಂಕೆಯಿರುವ ಸಾವನ್ನು ತೆಗೆದುಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳು ಶವಪರೀಕ್ಷೆ ನಡೆಸಿ, ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಸಾಮಾನ್ಯವಾಗಿ ಉಪ್ಪಿನ ಸಂತೃಪ್ತ ದ್ರಾವಣದಲ್ಲಿಟ್ಟು, ಸೀಸೆಗಳಿಗೆ ಮೊಹರು ಹಾಕಿ ಪೊಲೀಸರಿಗೆ ಒಪ್ಪಿಸುತ್ತಾರೆ. ಅವು ಠಾಣೆಯಲ್ಲಿ ಕೆಲವು ದಿನ ಇರುತ್ತವೆ. ಬಳಿಕ ಸಿಬ್ಬಂದಿಯೊಬ್ಬರು ಅವನ್ನು ಪ್ರಯೋಗಾಲಯಕ್ಕೆ ಮುಟ್ಟಿಸುತ್ತಾರೆ. ರಾಜ್ಯದ ಮುಖ್ಯ ವಿಧಿವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಮೈಸೂರು, ದಾವಣಗೆರೆ, ಮಂಗಳೂರು ಮೊದಲಾದ ಕಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಅಲ್ಲಿ ಮೊಹರನ್ನು ಮಾದರಿ ಮೊಹರಿನೊಂದಿಗೆ ಹೋಲಿಸಿ ಪರೀಕ್ಷೆ ನಡೆಸಲಾಗುತ್ತದೆ. ಕೊನೆಗೆ ಒಂದೆರಡು ಪುಟದ ವರದಿ ಬರುತ್ತದೆ. ಶವಪರೀಕ್ಷೆಯ ಕೊಠಡಿಯಿಂದ ವರದಿಯವರೆಗಿನ ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಅದರ ಪರಿಣಾಮ ಆರೋಪಿಯ ಮೇಲೆ ಆಗುತ್ತದೆ.

ಇಲ್ಲಿ ಒಂದು ವೈಷಮ್ಯವನ್ನು ಗಮನಿಸಬೇಕು. ಶವಪರೀಕ್ಷೆ ನಡೆಸಿದ ವೈದ್ಯರ ವರದಿ ತನ್ನಷ್ಟಕ್ಕೆ ಪ್ರಧಾನ ಸಾಕ್ಷ್ಯವಲ್ಲ. ಅದರ ನೈಜತೆಯನ್ನು ಪ್ರತಿಪಕ್ಷ ಒಪ್ಪಿಕೊಳ್ಳದಿದ್ದರೆ ವೈದ್ಯರೇ ಸಾಕ್ಷಿಕಟ್ಟೆಗೆ ಬಂದು ಪ್ರಮಾಣ ಮಾಡಿ ಹೇಳಬೇಕು, ಪಾಟಿ ಸವಾಲನ್ನು ಎದುರಿಸಬೇಕು. ಆದರೆ ಸಾವಿಗೆ ಕಾರಣ ಇಂಥದೇ ವಿಷ ಎಂದು ನಿಶ್ಚಯಿಸುವ ರಸಾಯನತಜ್ಞರ ವರದಿಗೆ ಆ ನಿರ್ಬಂಧವಿಲ್ಲ. ಹತ್ತಿರದ ಆಸ್ಪತ್ರೆಯ ವೈದ್ಯರನ್ನು ಪ್ರಶ್ನಿಸಬಹುದು, ದೂರದ ನಗರದ ವರದಿಯನ್ನು ಹಾಗೆಯೇ ಒಪ್ಪಬೇಕು ಎಂಬ ಭಾವನೆ ಕ್ರಮೇಣ ನೆಲೆಯೂರಲು ಇದು ಕಾರಣವಾಗಿದೆ.

ಕಾನೂನಿನ ಮೂರು ಘಟ್ಟಗಳು

ಭಾರತದ ಸಂವಿಧಾನದಲ್ಲಿ ಸಾಕ್ಷಿಯನ್ನು ಎದುರಿಸುವ ಹಕ್ಕು ಎಂಬ ಪ್ರತ್ಯೇಕ ವಾಕ್ಯವಿಲ್ಲ. ಆದರೆ ಅದರ ಸತ್ತ್ವವು ಹಲವು ಕಡೆ ಹರಡಿಕೊಂಡಿದೆ. ಸಾಕ್ಷ್ಯವನ್ನು ಆರೋಪಿಯ ಸಮಕ್ಷಮದಲ್ಲೇ ದಾಖಲಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 273ನೆಯ ಕಲಂ ವಿಧಿಸಿತ್ತು. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 308ನೆಯ ಕಲಂ ಅದನ್ನೇ ಮುಂದುವರಿಸಿದೆ. ಮುಖ್ಯ ವಿಚಾರಣೆಯ ನಂತರ ಪ್ರತಿಪಕ್ಷ ಬಯಸಿದರೆ ಪಾಟಿ ಸವಾಲು ನಡೆಯಬೇಕೆಂಬುದು 1872ರ ಸಾಕ್ಷ್ಯ ಅಧಿನಿಯಮದ 138ನೆಯ ಕಲಮಿನ ನಿಯಮವಾಗಿತ್ತು. ತಜ್ಞರ ಅಭಿಪ್ರಾಯವನ್ನು ಅದರ 45ನೆಯ ಕಲಂ ಒಪ್ಪಿಕೊಂಡರೆ, ಆ ಅಭಿಪ್ರಾಯಕ್ಕೆ ಆಧಾರವಾದ ಕಾರಣಗಳೂ ಪ್ರಸ್ತುತವೆಂದು 51ನೆಯ ಕಲಂ ಹೇಳಿತ್ತು. ಇವೆಲ್ಲದರ ಹಿಂದೆ ಸಂವಿಧಾನದ 21ನೆಯ ಅನುಚ್ಛೇದದ ನ್ಯಾಯಯುತ ವಿಚಾರಣೆಯ ತತ್ತ್ವವಿದೆ.

ಈ ಸಾಮಾನ್ಯ ನಿಯಮಕ್ಕೆ ಸರ್ಕಾರಿ ವೈಜ್ಞಾನಿಕ ತಜ್ಞರ ವರದಿ ಒಂದು ಅಪವಾದ. ಈ ಅಪವಾದದ ಇತಿಹಾಸವನ್ನು ಮೂರು ಘಟ್ಟಗಳಲ್ಲಿ ಗುರುತಿಸಬಹುದು.

ಮೊದಲನೆಯದು 1898ರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕೊನೆಯ ದಶಕಗಳ ಸ್ಥಿತಿ. ಅದರ 510ನೆಯ ಕಲಂ ರಾಸಾಯನಿಕ ಪರೀಕ್ಷಕರೇ ಮೊದಲಾದವರ ವರದಿಯನ್ನು ಅವರು ಬಾರದೆಯೇ ಸಾಕ್ಷ್ಯವಾಗಿ ಬಳಸಲು ಅನುಮತಿಸಿತ್ತು. ಆದರೆ ಅಭಿಯೋಜನೆಯಾಗಲಿ ಆರೋಪಿಯಾಗಲಿ ಅರ್ಜಿ ಸಲ್ಲಿಸಿದರೆ ನ್ಯಾಯಾಲಯವು ತಜ್ಞರನ್ನು ಕರೆಸಲೇಬೇಕು ಎಂಬ ಮಾತು ಅದೇ ಕಲಮಿನಲ್ಲಿತ್ತು. 1963ರ ಉಖಾ ಕೋಲ್ಹೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ರಕ್ತದಲ್ಲಿನ ಮದ್ಯಸಾರದ ವರದಿಯ ಸಂದರ್ಭದಲ್ಲಿ ಈ ಕಲಮನ್ನು ಪರಿಶೀಲಿಸಿತು. ಅಂದರೆ ಕಾಗದಕ್ಕೆ ವಿನಾಯಿತಿ ಇತ್ತು, ಪ್ರಶ್ನಿಸುವ ಹಕ್ಕೂ ಉಳಿದಿತ್ತು.

ಎರಡನೆಯದು 1973ರ ಸಂಹಿತೆಯ 293ನೆಯ ಕಲಂ. ರಾಸಾಯನಿಕ ಪರೀಕ್ಷಕರು, ಬೆರಳಚ್ಚು ಕೇಂದ್ರದ ನಿರ್ದೇಶಕರು, ಕೇಂದ್ರ ಹಾಗೂ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಗಳ ನಿರ್ದೇಶಕರು, ಉಪನಿರ್ದೇಶಕರು, ಸಹಾಯಕ ನಿರ್ದೇಶಕರು, ಸರ್ಕಾರಿ ರಕ್ತದ್ರವತಜ್ಞರು ಮೊದಲಾದವರ ವರದಿಗಳು ಈ ಪಟ್ಟಿಗೆ ಸೇರಿದವು. ಪಟ್ಟಿ ಹಿಗ್ಗಿತು, ಹಕ್ಕು ಕುಗ್ಗಿತು. ಆರೋಪಿ ಕೇಳಿದರೆ ಕರೆಸಲೇಬೇಕು ಎಂಬ ಮಾತು ಮಾಯವಾಗಿ, ನ್ಯಾಯಾಲಯಕ್ಕೆ ಸೂಕ್ತವೆಂದು ತೋರಿದರೆ ಕರೆಸಬಹುದು ಎಂಬುದು ಮಾತ್ರ ಉಳಿಯಿತು. ಪ್ರತಿಯೊಂದು ಮೊಕದ್ದಮೆಯಲ್ಲೂ ತಜ್ಞರನ್ನು ಕರೆಸುವ ಅಗತ್ಯವಿಲ್ಲವೆಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯ 1988ರ ಭೂಪಿಂದರ್ ಸಿಂಗ್ ಪ್ರಕರಣದಲ್ಲಿ ತಾಳಿತು. ಹಕ್ಕು ವಿವೇಚನೆಯಾಗಿ ಮಾರ್ಪಟ್ಟಾಗ ಕೇಳದವನಿಗೆ ಏನೂ ದೊರೆಯುವುದಿಲ್ಲ, ಕೇಳಿದವನಿಗೂ ಖಚಿತವಾಗಿ ದೊರೆಯುವುದಿಲ್ಲ.

ಮೂರನೆಯ ಘಟ್ಟ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯದು. ಇದರ 329ನೆಯ ಕಲಂ ಹಳೆಯ 293ನೆಯ ಕಲಮನ್ನೇ ಬಹುಮಟ್ಟಿಗೆ ಉಳಿಸಿಕೊಂಡಿದೆ. ಆದರೆ 330ನೆಯ ಕಲಂ ಎರಡು ಹೊಸ ಸಂಗತಿಗಳನ್ನು ಸೇರಿಸಿದೆ. ಒಂದು, ದಸ್ತಾವೇಜುಗಳ ಪ್ರತಿ ದೊರೆತ 30 ದಿನಗಳೊಳಗೆ ಅವುಗಳ ನೈಜತೆಯನ್ನು ಒಪ್ಪುವುದೋ ನಿರಾಕರಿಸುವುದೋ ಎಂದು ಪಕ್ಷಕಾರರು ತಿಳಿಸಬೇಕು. ನ್ಯಾಯಾಲಯವು ಕಾರಣ ದಾಖಲಿಸಿ ಈ ಅವಧಿಯನ್ನು ಸಡಿಲಿಸಬಹುದು. ಎರಡು, ಪಕ್ಷಕಾರರಲ್ಲಿ ಯಾರಾದರೂ ವರದಿಯನ್ನು ವಿವಾದಿಸಿದ ಹೊರತು ತಜ್ಞರನ್ನು ನ್ಯಾಯಾಲಯಕ್ಕೆ ಕರೆಸತಕ್ಕದ್ದಲ್ಲ. ಮೇಲುನೋಟಕ್ಕೆ ಇದು ನಿರ್ಬಂಧವಾಗಿ ಕಂಡರೂ ಇದರೊಳಗೆ ಆರೋಪಿಗೆ ಉಪಯುಕ್ತವಾದ ಅಂಶವೊಂದಿದೆ. ವಿವಾದವೇ ತಜ್ಞರ ಹಾಜರಾತಿಯ ಕೀಲಿ ಎಂದು ಶಾಸನವೇ ಒಪ್ಪಿಕೊಂಡಿದೆ. ವಿವಾದಿಸಿದವನ ಮನವಿಯನ್ನು ಸುಲಭವಾಗಿ ತಳ್ಳಿಹಾಕಲಾಗದು ಎಂದು ವಾದಿಸಲು ಇದು ಆಧಾರವಾಗುತ್ತದೆ. ಆದರೆ ಮೌನವಾಗಿದ್ದವನಿಗೆ ಬಾಗಿಲು ಮುಚ್ಚುತ್ತದೆ.

ಹೊಸ ಸಂಹಿತೆ ಜಾರಿಗೆ ಬರುವ ಮೊದಲೇ ನಡೆಯುತ್ತಿದ್ದ ವಿಚಾರಣೆಗಳು ಹಳೆಯ ಸಂಹಿತೆಯಂತೆಯೇ ಮುಂದುವರಿಯುತ್ತವೆ. ಆದುದರಿಂದ ಒಂದೇ ನ್ಯಾಯಾಲಯದಲ್ಲಿ ಎರಡೂ ಕಾನೂನುಗಳು ಜೊತೆಜೊತೆಯಾಗಿ ನಡೆಯುತ್ತಿರುವ ಕಾಲವಿದು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು 176ನೆಯ ಕಲಂ ವಿಧಿಸಿದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಮುಂದಿನ ದಿನಗಳಲ್ಲಿ ತಾಲ್ಲೂಕುಗಳ ಕಡತಗಳಲ್ಲಿ ವರದಿಗಳು ಹೆಚ್ಚುತ್ತವೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬದಲಿ ಸಾಕ್ಷಿಯ ಸಮಸ್ಯೆ

ತಜ್ಞರನ್ನು ಕರೆಸಿದರೂ ಬರುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ತಾನು ಬರಲಾಗದ ತಜ್ಞನು ಪ್ರಕರಣದ ಸಂಗತಿಗಳನ್ನು ಬಲ್ಲ ಸಹೋದ್ಯೋಗಿ ಅಧಿಕಾರಿಯನ್ನು ಕಳುಹಿಸಬಹುದೆಂದು 293ನೆಯ ಕಲಮಿನ ಮೂರನೆಯ ಉಪಕಲಂ ಹೇಳಿತ್ತು. ಹೊಸ ಸಂಹಿತೆಯ 336ನೆಯ ಕಲಂ ಇನ್ನೂ ಮುಂದೆ ಹೋಗಿದೆ. ವರದಿ ಬರೆದ ಅಧಿಕಾರಿ ವರ್ಗವಾಗಿದ್ದರೆ, ನಿವೃತ್ತರಾಗಿದ್ದರೆ, ತೀರಿಕೊಂಡಿದ್ದರೆ ಅಥವಾ ಅವರನ್ನು ಕರೆಸುವುದರಿಂದ ವಿಳಂಬವಾಗುವಂತಿದ್ದರೆ, ಆ ಹುದ್ದೆಯಲ್ಲಿ ಈಗ ಇರುವವರು ಸಾಕ್ಷ್ಯ ನುಡಿಯಬೇಕು.

ವಿಚಾರಣೆಗಳು ವರ್ಷಗಟ್ಟಲೆ ನಡೆಯುವ ವ್ಯವಸ್ಥೆಯಲ್ಲಿ ಇದಕ್ಕೆ ಆಡಳಿತಾತ್ಮಕ ಸಮರ್ಥನೆ ಇದೆ. ಆದರೆ ಉತ್ತರಾಧಿಕಾರಿಯು ಕಡತದಲ್ಲಿರುವುದನ್ನು ಓದಿ ಹೇಳಬಲ್ಲನೇ ಹೊರತು ಕಡತದಲ್ಲಿ ಇಲ್ಲದ್ದನ್ನು ಹೇಳಲಾರ. ಸೀಸೆಯ ಮೊಹರು ಅಂದು ಹೇಗಿತ್ತು, ಪರೀಕ್ಷೆಯನ್ನು ಎರಡನೆಯ ಬಾರಿ ಮಾಡಲಾಯಿತೇ, ಅದೇ ಮೇಜಿನ ಮೇಲೆ ಬೇರೆ ಪ್ರಕರಣದ ಮಾದರಿಗಳಿದ್ದವೇ ಎಂಬ ಪ್ರಶ್ನೆಗಳಿಗೆ ಅವನು ಗೊತ್ತಿಲ್ಲ ಎಂದೇ ಹೇಳಬೇಕಾಗುತ್ತದೆ. ಪಾಟಿ ಸವಾಲು ಮುಟ್ಟಬೇಕಾದ ತಾಣಗಳೇ ಇವು.

ಅಮೆರಿಕದ ನ್ಯಾಯಾಲಯಗಳು ಇದೇ ಸಮಸ್ಯೆಯೊಂದಿಗೆ ಹೆಣಗಿವೆ. ಅಲ್ಲಿನ ಸಂವಿಧಾನದ ಆರನೆಯ ತಿದ್ದುಪಡಿ ಆರೋಪಿಗೆ ಸಾಕ್ಷಿಗಳನ್ನು ಮುಖಾಮುಖಿ ಎದುರಿಸುವ ಹಕ್ಕನ್ನು ನೀಡುತ್ತದೆ. 2009ರ ಮೆಲೆಂಡೆಜ್-ಡಿಯಾಜ್ ಪ್ರಕರಣದಲ್ಲಿ ಮಾದಕವಸ್ತು ಪರೀಕ್ಷೆಯ ಪ್ರಮಾಣಪತ್ರವನ್ನು ಮಾತ್ರ ಹಾಜರುಪಡಿಸುವುದು ಸಾಲದು, ಪರೀಕ್ಷಿಸಿದವರು ಬರಬೇಕು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಮಾನಿಸಿತು. 2011ರ ಬುಲ್‌ಕಮಿಂಗ್ ಪ್ರಕರಣದಲ್ಲಿ ಪರೀಕ್ಷೆ ನಡೆಸದ ಸಹೋದ್ಯೋಗಿಯನ್ನು ಬದಲಿಯಾಗಿ ಕಳುಹಿಸುವುದನ್ನು ಒಪ್ಪಲಿಲ್ಲ. 2024ರ ಸ್ಮಿತ್ ಪ್ರಕರಣದಲ್ಲಿ, ಗೈರುಹಾಜರಾದ ವಿಶ್ಲೇಷಕರ ಮಾತನ್ನು ತನ್ನ ಅಭಿಪ್ರಾಯದ ಆಧಾರವಾಗಿ ಮತ್ತೊಬ್ಬ ತಜ್ಞ ನುಡಿಯುವುದಕ್ಕೂ ಇದೇ ತತ್ತ್ವವನ್ನು ಅನ್ವಯಿಸಿತು.

ಈ ಎಚ್ಚರ ಅತಿಯಾದುದಲ್ಲ ಎಂಬುದಕ್ಕೆ ನಿದರ್ಶನವೂ ಅಲ್ಲಿಯೇ ಇದೆ. ಬಾಸ್ಟನ್ನಿನ ಸರ್ಕಾರಿ ಮಾದಕವಸ್ತು ಪ್ರಯೋಗಾಲಯದ ಒಬ್ಬ ರಸಾಯನತಜ್ಞೆ ಪರೀಕ್ಷೆಗಳನ್ನು ಸರಿಯಾಗಿ ನಡೆಸದೆಯೇ ಫಲಿತಾಂಶ ಬರೆದುದು 2012ರಲ್ಲಿ ಬಯಲಾಯಿತು. 2017ರಲ್ಲಿ 21 ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ವಜಾಗೊಳಿಸಬೇಕಾಯಿತು. ವರದಿಯ ಭಾಷೆ ನಿಖರವಾಗಿದ್ದ ಮಾತ್ರಕ್ಕೆ ಅದರ ಹಿಂದಿನ ಕೆಲಸವೂ ನಿಖರವಾಗಿತ್ತೆಂದು ಭಾವಿಸಲಾಗದು.

ಭಾರತೀಯ ನ್ಯಾಯಾಲಯಗಳ ನಿಲುವು

ಅಮೆರಿಕದ ಮಾದರಿಯನ್ನು ಭಾರತ ಯಥಾವತ್ತಾಗಿ ಸ್ವೀಕರಿಸಿಲ್ಲ. ಆದರೆ ತಜ್ಞರ ಮಾತನ್ನು ಕಣ್ಣುಮುಚ್ಚಿ ಒಪ್ಪಬಾರದೆಂಬ ತತ್ತ್ವ ಇಲ್ಲಿಯೂ ದೃಢವಾಗಿದೆ. 1999ರ ಜೈಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತಜ್ಞರ ಕರ್ತವ್ಯವನ್ನು ಸ್ಪಷ್ಟಪಡಿಸಿತು. ತೀರ್ಮಾನದ ನಿಖರತೆಯನ್ನು ಅಳೆಯಲು ಬೇಕಾದ ವೈಜ್ಞಾನಿಕ ಮಾನದಂಡಗಳನ್ನು ನ್ಯಾಯಾಧೀಶರಿಗೆ ಒದಗಿಸುವುದು ತಜ್ಞರ ಕೆಲಸ, ಸ್ವತಂತ್ರವಾಗಿ ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ.

ಕರ್ನಾಟಕದಿಂದ ಹೋದ ಎರಡು ಪ್ರಕರಣಗಳು ಈ ಸಂದರ್ಭದಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು 2008ರ ಟಿ. ನಾಗಪ್ಪ ಪ್ರಕರಣ. ಚೆಕ್ ಅಮಾನ್ಯವಾದ ಮೊಕದ್ದಮೆಯಲ್ಲಿ ಆರೋಪಿಯು ಆ ಚೆಕ್ಕನ್ನು ತಜ್ಞರ ಪರೀಕ್ಷೆಗೆ ಕಳುಹಿಸಬೇಕೆಂದು ಕೋರಿದ್ದನು. ಕೆಳಗಿನ ಹಂತಗಳಲ್ಲಿ ಕೋರಿಕೆ ತಿರಸ್ಕೃತವಾಯಿತು. ತನ್ನ ಸಮರ್ಥನೆಗೆ ಸಾಕ್ಷ್ಯ ಒದಗಿಸುವ ಅವಕಾಶವು ನ್ಯಾಯಯುತ ವಿಚಾರಣೆಯ ಅಂಗವೆಂದು ಹೇಳಿ ಸರ್ವೋಚ್ಚ ನ್ಯಾಯಾಲಯ ಆರೋಪಿಯ ಪರವಾಗಿ ತೀರ್ಪಿತ್ತಿತು. ಸಾಲ ಪಡೆಯುವಾಗ ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟೆ ಎಂಬ ವಾದ ಕೇಳಿಬರದ ದಂಡಾಧಿಕಾರಿ ನ್ಯಾಯಾಲಯ ರಾಜ್ಯದಲ್ಲಿ ವಿರಳ. ಆದ್ದರಿಂದ ಈ ತೀರ್ಪು ಸಣ್ಣ ಊರುಗಳ ಆರೋಪಿಗಳಿಗೆ ನೇರವಾಗಿ ಸಂಬಂಧಿಸಿದ್ದು.

ಎರಡನೆಯದು ಸೆಲ್ವಿ ಪ್ರಕರಣ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮೊದಲಾದವನ್ನು ನಡೆಸಬಹುದೆಂಬ ನಿಲುವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2004ರಲ್ಲಿ ಎತ್ತಿಹಿಡಿದಿತ್ತು. 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ಅಂತಹ ಬಲವಂತದ ಪರೀಕ್ಷೆ ಸಂವಿಧಾನದ 20(3) ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ಘೋಷಿಸಿತು. ಒಪ್ಪಿಗೆ ಪಡೆದು ನಡೆಸಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು, ಏಕೆಂದರೆ ಆ ಸ್ಥಿತಿಯಲ್ಲಿ ವ್ಯಕ್ತಿಗೆ ತನ್ನ ಉತ್ತರಗಳ ಮೇಲೆ ಪ್ರಜ್ಞಾಪೂರ್ವಕ ಹಿಡಿತವಿರುವುದಿಲ್ಲ ಎಂಬುದು ಅದರ ತರ್ಕ. ವಿಜ್ಞಾನದ ಹೆಸರು ಹೊತ್ತುದೆಲ್ಲವೂ ವಿಮರ್ಶೆಗೆ ಅತೀತವಲ್ಲವೆಂಬುದನ್ನು ಈ ತೀರ್ಪು ಮನಗಾಣಿಸಿತು.

ಪಾಟಿ ಸವಾಲಿನ ಕೊರತೆ ಎಂತಹ ಪರಿಣಾಮ ಬೀರಬಲ್ಲದು ಎಂಬುದಕ್ಕೆ ದೆಹಲಿಯ ಛಾವ್ಲಾ ಪ್ರಕರಣದಲ್ಲಿ 2022ರ ನವೆಂಬರ್ 7ರಂದು ಬಂದ ತೀರ್ಪು ನಿದರ್ಶನ. ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು ಸರ್ವೋಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ಡಿಎನ್ಎ ವರದಿಯ ತೀರ್ಮಾನಗಳ ಮೂಲಾಧಾರವನ್ನೂ, ತಂತ್ರಗಳನ್ನು ವಿಶ್ವಾಸಾರ್ಹವಾಗಿ ಬಳಸಲಾಗಿತ್ತೇ ಎಂಬುದನ್ನೂ ಕೆಳಗಿನ ನ್ಯಾಯಾಲಯಗಳು ಪರಿಶೀಲಿಸಿರಲಿಲ್ಲ. 49 ಸಾಕ್ಷಿಗಳಲ್ಲಿ 10 ಮಂದಿ ಮುಖ್ಯ ಸಾಕ್ಷಿಗಳಿಗೆ ಪಾಟಿ ಸವಾಲೇ ನಡೆದಿರಲಿಲ್ಲ. ಈ ತೀರ್ಪಿನಿಂದ ಮೃತ ಯುವತಿಯ ಕುಟುಂಬಕ್ಕಾದ ನೋವು ಸಣ್ಣದಲ್ಲ. ವರದಿಯನ್ನು ವಿಚಾರಣೆಯ ಹಂತದಲ್ಲೇ ಒರೆಗೆ ಹಚ್ಚಿದ್ದರೆ ಸತ್ಯ ಯಾವ ಕಡೆಗಿದ್ದರೂ ವರ್ಷಗಳ ಮೊದಲೇ ತಿಳಿಯಬಹುದಿತ್ತು. ತಜ್ಞರನ್ನು ಪ್ರಶ್ನಿಸುವ ಹಕ್ಕು ಆರೋಪಿಯ ಹಿತಕ್ಕೆ ಮಾತ್ರ ಇರುವುದಲ್ಲ, ನೊಂದವರಿಗೂ ಅದು ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಭಾಷೆ, ದೂರ ಮತ್ತು ನೆರವು

ಕಡೂರು, ತರೀಕೆರೆ, ಅಜ್ಜಂಪುರಗಳ ಆರೋಪಿಗೆ ಈ ಹಕ್ಕು ಕೈಗೆಟುಕುವುದು ಮೂರು ಅಂಶಗಳನ್ನು ಅವಲಂಬಿಸಿದೆ.

ಮೊದಲನೆಯದು ಭಾಷೆ. ತಾಲ್ಲೂಕು ನ್ಯಾಯಾಲಯದ ವ್ಯವಹಾರ ಕನ್ನಡದಲ್ಲಿ ನಡೆದರೂ ಪ್ರಯೋಗಾಲಯದ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ತೆರೆದ ನ್ಯಾಯಾಲಯದಲ್ಲಿ ಅದನ್ನು ಅವನಿಗೆ ಅರ್ಥವಾಗುವ ಭಾಷೆಗೆ ತಿಳಿಹೇಳಬೇಕೆಂದು ಹಳೆಯ ಸಂಹಿತೆಯ 279ನೆಯ ಕಲಂ ಕಡ್ಡಾಯಗೊಳಿಸಿತ್ತು. ಹೊಸ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಆದರೆ ಔಪಚಾರಿಕವಾಗಿ ರುಜುವಾತುಪಡಿಸುವ ದಸ್ತಾವೇಜುಗಳ ವಿಷಯದಲ್ಲಿ ಅಗತ್ಯವೆನಿಸಿದಷ್ಟನ್ನು ಮಾತ್ರ ತಿಳಿಸಿದರೆ ಸಾಕು. ಪರಿಣಾಮವೇನೆಂದರೆ, ತಜ್ಞರು ಬಂದು ನುಡಿದರೆ ಆರೋಪಿಗೆ ಅವರ ಮಾತು ಕನ್ನಡದಲ್ಲಿ ಕೇಳಿಸುತ್ತದೆ. ಕಾಗದ ಮಾತ್ರ ಬಂದರೆ ತನ್ನನ್ನು ಜೈಲಿಗೆ ಕಳುಹಿಸಿದ ವಾಕ್ಯ ಯಾವುದೆಂಬುದೇ ಅವನಿಗೆ ತಿಳಿಯದೆ ಹೋಗಬಹುದು.

ಎರಡನೆಯದು ದೂರ. ವಿಜ್ಞಾನಿಗಳು ದಿನವೂ ಒಂದೊಂದು ತಾಲ್ಲೂಕಿಗೆ ತಿರುಗಿದರೆ ಪರೀಕ್ಷೆಗಳನ್ನು ನಡೆಸುವವರು ಯಾರು ಎಂಬ ಆಕ್ಷೇಪದಲ್ಲಿ ಹುರುಳಿದೆ. ಇದಕ್ಕೆ ಪರಿಹಾರ 2003ರ ಪ್ರಫುಲ್ ದೇಸಾಯಿ ಪ್ರಕರಣದಲ್ಲೇ ದೊರೆತಿದೆ. ಅಮೆರಿಕದಲ್ಲಿದ್ದ ವೈದ್ಯಕೀಯ ತಜ್ಞರೊಬ್ಬರ ಸಾಕ್ಷ್ಯವನ್ನು ದೃಶ್ಯಸಂವಾದದ ಮೂಲಕ ಪಡೆಯಬಹುದೆಂದು, ಅದು ಆರೋಪಿಯ ಸಮಕ್ಷಮ ಎಂಬ ನಿಯಮಕ್ಕೆ ವಿರುದ್ಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2020ರಲ್ಲಿ ದೃಶ್ಯಸಂವಾದದ ನಿಯಮಗಳನ್ನು ರೂಪಿಸಿತು. ಹೊಸ ಸಂಹಿತೆಯೂ ಇದಕ್ಕೆ ಅವಕಾಶ ನೀಡಿದೆ. ಮಡಿವಾಳದ ಮೇಜಿನಿಂದ ಕಡೂರಿನ ನ್ಯಾಯಾಲಯಕ್ಕೆ ಉತ್ತರಿಸಲು ಸಾಧ್ಯವಿರುವಾಗ ದೂರವನ್ನು ನೆಪವಾಗಿ ಮುಂದೊಡ್ಡಲಾಗದು.

ಮೂರನೆಯದು ನೆರವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಡಿ ತಾಲ್ಲೂಕು ಮಟ್ಟದಲ್ಲಿಯೂ ಕಾನೂನು ಸೇವಾ ಸಮಿತಿಗಳಿಗೆ ಅವಕಾಶವಿದೆ, ಬಡ ಆರೋಪಿಗೆ ವಕೀಲರು ದೊರೆಯುತ್ತಾರೆ. ಆದರೆ ವಕೀಲರ ಪಕ್ಕದಲ್ಲಿ ಕುಳಿತು ವರದಿಯನ್ನು ಬಿಡಿಸಿ ಹೇಳುವ ವಿಜ್ಞಾನಿಯನ್ನು ಒದಗಿಸುವ ರೂಢಿ ಬೆಳೆದಿಲ್ಲ. 30 ದಿನಗಳ ಗಡುವು ಬಂದಿರುವ ಈ ಕಾಲದಲ್ಲಿ ಇದರ ಅಗತ್ಯ ಹೆಚ್ಚಾಗಿದೆ. ಅಂತಹ ನೆರವು ಇಲ್ಲದ ಕಡೆಯೂ ಕೆಲವು ಮೂಲಭೂತ ಪ್ರಶ್ನೆಗಳನ್ನು ಯಾವ ವಕೀಲರಾದರೂ ಕೇಳಬಹುದು. ವಸ್ತು ಠಾಣೆಯಲ್ಲಿ ಎಷ್ಟು ದಿನ, ಯಾರ ವಶದಲ್ಲಿತ್ತು? ಮಹಜರಿನಲ್ಲಿ ಬರೆದ ಮೊಹರಿನ ಗುರುತು ಮತ್ತು ಪ್ರಯೋಗಾಲಯ ನೋಡಿದ ಗುರುತು ಒಂದೆಯೇ? ಅಂಗಾಂಶವನ್ನು ಯಾವ ದ್ರಾವಣದಲ್ಲಿ ಇಡಲಾಗಿತ್ತು, ಆ ದ್ರಾವಣದ ಮಾದರಿಯನ್ನೂ ಕಳುಹಿಸಲಾಗಿತ್ತೇ? ವಿಷ ಇದೆ ಎಂದಷ್ಟೇ ಬರೆದಿದೆಯೋ, ಪ್ರಮಾಣವನ್ನೂ ಹೇಳಿದೆಯೋ? ಯಾವ ವಿಧಾನದ ಪರೀಕ್ಷೆ, ಎಷ್ಟು ಬಾರಿ, ಯಾರ ಕೈಯಿಂದ? ಸಹಿ ಮಾಡಿದವರು ಮತ್ತು ಪರೀಕ್ಷಿಸಿದವರು ಒಬ್ಬರೆಯೇ? ಇವುಗಳಲ್ಲಿ ಒಂದೂ ವಿಜ್ಞಾನಕ್ಕೆ ಅಗೌರವ ತೋರುವ ಪ್ರಶ್ನೆಯಲ್ಲ. ಒಳ್ಳೆಯ ಪ್ರಯೋಗಾಲಯದ ಬಳಿ ಇವಕ್ಕೆಲ್ಲ ಲಿಖಿತ ಉತ್ತರವಿರುತ್ತದೆ.

ಉಪಸಂಹಾರ

ಎಲ್ಲ ಪ್ರಕರಣಗಳಲ್ಲೂ ತಜ್ಞರನ್ನು ಕರೆಸಬೇಕೆಂಬುದು ವಿವೇಕದ ಮಾತಲ್ಲ. ವರದಿಯ ಬಗ್ಗೆ ವಿವಾದವೇ ಇಲ್ಲದ ಕಡೆ ಅವರ ಹಾಜರಾತಿ ಕಾಲಹರಣವಾಗುತ್ತದೆ. ಕೆಲವೊಮ್ಮೆ ಪಾಟಿ ಸವಾಲು ಅಭಿಯೋಜನೆಯ ವಾದವನ್ನೇ ಬಲಪಡಿಸುವುದೂ ಉಂಟು. ಆದರೆ ಮೊಕದ್ದಮೆಯ ಭಾರವೆಲ್ಲ ಒಂದು ವರದಿಯ ಮೇಲೆ ನಿಂತಿದ್ದು, ಆರೋಪಿ ಅದನ್ನು ಸಕಾರಣವಾಗಿ ವಿವಾದಿಸಿರುವಾಗ, ಆ ಪರೀಕ್ಷೆಯನ್ನು ನಡೆಸಿದವರೇ ಬಂದು ಉತ್ತರಿಸುವಂತಾಗಬೇಕು. 1973ರಲ್ಲಿ ಕೈಬಿಟ್ಟ ಕಡ್ಡಾಯದ ಮಾತನ್ನು ನ್ಯಾಯಾಲಯಗಳು ಹೊಸ 330ನೆಯ ಕಲಮಿನ ವಿವಾದದ ಷರತ್ತಿನ ಮೂಲಕ ಮರಳಿ ತರಲು ಅವಕಾಶವಿದೆ. ಬದಲಿ ಸಾಕ್ಷಿ ಅನಿವಾರ್ಯವಾದಲ್ಲಿ ಪ್ರಯೋಗಾಲಯದ ಮೂಲ ಟಿಪ್ಪಣಿಗಳನ್ನು ಆರೋಪಿಗೆ ಮುಂಚಿತವಾಗಿ ಒದಗಿಸುವುದು ಕನಿಷ್ಠ ಪರಿಹಾರವಾಗಬಲ್ಲದು. ವರದಿಯ ಸಾರವನ್ನು ಕನ್ನಡದಲ್ಲಿ ನೀಡುವ ಪದ್ಧತಿಗೆ ಶಾಸನದ ಅಡ್ಡಿಯೇನೂ ಇಲ್ಲ.

ಶಾಸನಗಳಲ್ಲಿ ಹೆಸರು ಕೆತ್ತಿಸಿಕೊಂಡ ಸಾಕ್ಷಿಗಳು ತಮ್ಮ ಊರಿನ ನಡುವೆಯೇ ಬದುಕಿದವರು, ಕೇಳಿದವರಿಗೆ ಉತ್ತರ ಹೇಳಬೇಕಾದವರು. ಪ್ರಯೋಗಾಲಯದ ಸಾಕ್ಷಿ ಊರಿನಿಂದ ಎಷ್ಟೇ ದೂರದಲ್ಲಿದ್ದರೂ ಆ ಹೊಣೆಯಿಂದ ಮುಕ್ತನಲ್ಲ.